ಕಿತ್ತು ಬಾರದ ಐಲೆಟ್

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಒಂದು ದವಡೆಹಲ್ಲು. ಅದೂ ನಮ್ಮ ಕಥಾನಾಯಕನ ಬಾಯಲ್ಲಿದ್ದದ್ದಲ್ಲ, ಮಾತಿನಮಲ್ಲನ ಬಾಯಲ್ಲಿದ್ದದ್ದು.

ಮಾತಿನಮಲ್ಲ ಎಂದರೆ ನಮ್ಮ ಕಥಾನಾಯಕ ದುಡಿಯುತ್ತಿದ್ದ ಟಾರ್ಪಾಲು ಕಾರ್ಖಾನೆಯ ಮಾರಾಟದವನು. ಗಿರಾಕಿಯ ಮುಂದೆ ಟಾರ್ಪಾಲಿನ ಮೂಲೆ ಹಿಡಿದು ಅವನು ಮಾತು ಶುರು ಮಾಡಿದನೆಂದರೆ, ಬರುತ್ತಿದ್ದ ಮಳೆಯೂ ಇನ್ನೇನು ಪ್ರಯೋಜನ ಎಂದು ಹಿಂದಿರುಗಬೇಕು. ಅಂಥವನು ಅವತ್ತು ಎಡಗೆನ್ನೆ ಬಲೂನಿನಂತೆ ಊದಿಸಿಕೊಂಡು, ಗಲ್ಲದಿಂದ ನೆತ್ತಿಯವರೆಗೆ ಮಫ್ಲರ್ ಬಿಗಿದುಕೊಂಡು ಕೆಲಸಕ್ಕೆ ಬಂದಿದ್ದ.

"ಏನಯ್ಯಾ ಇದು ವೇಷ?" ಎಂದರು ಯಜಮಾನರು.

"ಹಹ್ಹು ಹೋವು."

"ಹೂವಾ? ಯಾವ ಹೂವು?"

"ಹಹ್ಹು ಹೋವು, ಹಾರ್!"

"ಹಲ್ಲು ನೋವಂತೆ ಸಾರ್," ಎಂದು ಸ್ಟೋರ್ ಕೀಪರ್ ಭಾಷಾಂತರ ಮಾಡಿದ.

ಯಜಮಾನರು ತಲೆಯ ಮೇಲೆ ಕೈ ಹೊತ್ತು ಹತ್ತಿರವಿದ್ದ ಟಾರ್ಪಾಲಿನ ಕಟ್ಟಿನ ಮೇಲೆ ಕುಸಿದರು. ಮಧ್ಯಾಹ್ನದ ಊಟಕ್ಕೆ ಮುಂಚೆ ಲಾರಿಯಮ್ಮ ಬರುವವರಿದ್ದರು. ಲಾರಿಯಮ್ಮನಿಗೆ ಸಾಲುಸಾಲು ಲಾರಿಗಳು. ಬೇರೆ ಯಾರದೋ ಹತ್ತಿರ ಅವರು ಕೊಂಡಿದ್ದ ಟಾರ್ಪಾಲುಗಳಲ್ಲಿ ಐಲೆಟ್‌ಗಳು, ಅಂದರೆ ಹಗ್ಗ ಪೋಣಿಸಲು ಅಂಚಿನುದ್ದಕ್ಕೂ ಕೂರಿಸಿರುವ ಹಿತ್ತಾಳೆಯ ಬಳೆಗಳು, ಗಾಳಿಯ ಹೊಡೆತಕ್ಕೆ ಪಟಪಟನೆ ಕಿತ್ತು ಬಂದಿದ್ದವು. ಟಾರ್ಪಾಲು ಹಕ್ಕಿಯಂತೆ ಹಾರಿಹೋಗಿ, ಲಾರಿಯಲ್ಲಿದ್ದ ಸಿಮೆಂಟು ಮಳೆಯಲ್ಲಿ ನೆನೆದು, ಇಳಿಸುವ ಹೊತ್ತಿಗೆ ಬಂಡೆಯಾಗಿತ್ತು. "ಐಲೆಟ್ ನನ್ನ ಕಣ್ಣೆದುರಿಗೇ ಕೂರಿಸಿ ತೋರಿಸಬೇಕು. ಯಂತ್ರದಲ್ಲಲ್ಲ, ಕೈಯಲ್ಲಿ. ನಾಳೆ ದಾರಿಯಲ್ಲಿ ಒಂದು ಹೋದ್ರೆ ನನ್ನ ಡ್ರೈವರ್ ತಾನೇ ಹಾಕಿಕೊಳ್ಳೋ ಹಾಗಿರಬೇಕು. ಕಿತ್ತು ಬರಲ್ಲ ಅಂತ ಗ್ಯಾರಂಟಿ ಆದ್ರೆ ಆರ್ಡರ್," ಎಂದು ಫೋನಿನಲ್ಲೇ ಕಡ್ಡಿ ಮುರಿದಂತೆ ಹೇಳಿದ್ದರು.

"ಯಾರಾದ್ರೂ ಮಾಡ್ತೀರೇನಪ್ಪಾ?" ಯಜಮಾನರು ಸುತ್ತ ನೋಡಿದರು.

ಯಂತ್ರದಲ್ಲಿ ಐಲೆಟ್ ಹಾಕುವ ಹಿರಿಯರು ಆ ಯಂತ್ರದ ಸದ್ದಿಗೇ ಕಿವಿ ಒಪ್ಪಿಸಿ ವರ್ಷಗಳಾಗಿದ್ದವು. ಅವರು ಪ್ರಶ್ನೆ ಕೇಳಿಸದೆ "ಚೆನ್ನಾಗಿದೀನಿ ಸಾರ್" ಎಂದರು. ಬಟ್ಟೆ ಕತ್ತರಿಸುವವನಿಗೆ ಇದ್ದಕ್ಕಿದ್ದಂತೆ ಕತ್ತರಿಗೆ ಸಾಣೆ ಹಿಡಿಯುವುದು ನೆನಪಾಯಿತು. ಹೊಲಿಗೆ ವಿಭಾಗದಲ್ಲಿ ಎಲ್ಲ ಯಂತ್ರಗಳೂ ನಿಂತು, ಎಲ್ಲರೂ ಸೂಜಿಗೆ ದಾರ ಪೋಣಿಸತೊಡಗಿದರು.

"ನಾನು ಮಾಡ್ತೀನಿ."

ಹೇಳಿದವರು ಯಾರೆಂದು ಎಲ್ಲರೂ ತಿರುಗಿದರು. ಹೇಳಿದವನೂ ತಿರುಗಿ ನೋಡಿದ. ಹಿಂದೆ ಬರೀ ಗೋಡೆ ಇತ್ತು.

ಅವನು ಮಡಿಕೆಯಣ್ಣ. ಸಿದ್ಧವಾದ ಟಾರ್ಪಾಲುಗಳನ್ನು ಮಡಿಸಿ, ಕಟ್ಟಿ, ಮೇಲೆ ನೀಲಿ ಬಣ್ಣದಲ್ಲಿ ಅಳತೆ ಬರೆದು ಕಳಿಸುವುದು ಅವನ ಕೆಲಸ. ಅವನು ಮಡಿಸಿದ ಟಾರ್ಪಾಲು ಎಷ್ಟು ಅಚ್ಚುಕಟ್ಟೆಂದರೆ ಬಿಚ್ಚಲು ಮನಸ್ಸೇ ಬರಬಾರದು. ಆದರೆ ಮಾತು? ಬಸ್ಸಿನಲ್ಲಿ ತನ್ನ ನಿಲ್ದಾಣ ಬಂದರೂ "ಇಳೀಬೇಕು" ಅನ್ನಲು ಸಂಕೋಚಪಟ್ಟು, ಬೇರೆ ಯಾರಾದರೂ ಇಳಿಯುವ ಕಡೆ ಇಳಿದು ಮನೆಗೆ ನಡೆದುಕೊಂಡು ಬರುವ ಜೀವ.

ಅಂಥವನ ಬಾಯಿಂದ ಆ ಮಾತು ಬರಲು ಕಾರಣ ಹೊಲಿಗೆ ಯಂತ್ರಗಳ ಸಾಲಿನ ಕೊನೆಯಲ್ಲಿ ಕೂತಿತ್ತು. ಬೆಳಿಗ್ಗೆ ಮನೆಗೆ ಬೀಗ ಹಾಕುವಾಗ ಅವನ ಹೆಂಡತಿ, "ಈ ಆರ್ಡರ್ ಬರಲಿಲ್ಲ ಅಂದ್ರೆ ಹೊಲಿಗೆಯವರಲ್ಲಿ ಒಬ್ಬರನ್ನ ಕಡಿಮೆ ಮಾಡ್ತಾರಂತೆ ರೀ. ಕೊನೆಗೆ ಸೇರಿದ್ದು ನಾನೇ ತಾನೇ," ಎಂದು ಬೇರೆ ಯಾರದೋ ವಿಷಯವೆಂಬಂತೆ ಹೇಳಿದ್ದಳು. ಅವಳು ಆ ಕೆಲಸಕ್ಕೆ ಸೇರಿದ ದಿನ ಮೈಮೇಲೆ ದಾರದ ಚೂರುಗಳನ್ನು ಅಂಟಿಸಿಕೊಂಡೇ ಮನೆಗೆ ಬಂದು, ಕನ್ನಡಿ ಮುಂದೆ ನಿಂತು ನಕ್ಕಿದ್ದನ್ನು ಅವನು ನೋಡಿದ್ದ. ಆ ನಗು ಹೋಗಬಾರದು. ಅಷ್ಟೇ.

"ನೀವಾ?" ಯಜಮಾನರು ಅನುಮಾನದಿಂದ ನೋಡಿದರು. "ಐಲೆಟ್ ಹಾಕಿದೀರಾ ಎಂದಾದ್ರೂ?"

"ಹಾಕಿಲ್ಲ ಸಾರ್. ಹಾಕ್ತೀನಿ."

ಹೆಂಡತಿ ಯಂತ್ರದ ಹಿಂದಿನಿಂದ ಕತ್ತು ಉದ್ದ ಮಾಡಿ, ಬೇಡ ಬೇಡ ಎಂದು ಕೈ ಆಡಿಸಿದಳು. ಅವನು ನೋಡಲಿಲ್ಲ. ನೋಡಿದರೆ ಧೈರ್ಯ ಸೋರಿಹೋಗುವ ಅಪಾಯವಿತ್ತು.

ಮುಂದಿನದು ಪಾಠದ ಸಮಯ. ಇಡೀ ಕಾರ್ಖಾನೆಯೇ ಮೇಷ್ಟ್ರಾಯಿತು.

"ನಿಧಾನವಾಗಿ ಮಾತಾಡು, ಗಿರಾಕಿಗೆ ಅರ್ಥ ಆಗ್ಬೇಕು," ಎಂದ ಸ್ಟೋರ್ ಕೀಪರ್.

"ನಿಧಾನ ಮಾಡಿದ್ರೆ ನಿದ್ದೆ ಬರುತ್ತೆ. ಜೋರಾಗಿ ಹೊಡ್ಕೊಂಡು ಹೋಗು," ಎಂದ ಕತ್ತರಿಯವನು.

"ಮೊದಲು ಐಲೆಟ್‌ನಿಂದ ಏನೇನು ಉಪಯೋಗ ಅಂತ ಹೇಳಪ್ಪಾ. ಉಪಯೋಗ ಹೇಳದೆ ಯಾರೂ ಏನೂ ತಗೊಳ್ಳಲ್ಲ," ಎಂದಳು ಹೊಲಿಗೆಯವರ ಹಿರಿತಲೆಯಾದ ದೊಡ್ಡಕ್ಕ, ಅವನ ಕೂದಲಿಗೆ ನೀರು ಸವರಿ ಬೈತಲೆ ತೆಗೆಯುತ್ತ.

ಮಾತಿನಮಲ್ಲ ಮಾತ್ರ ನಿಜವಾಗಿಯೂ ಕಲಿಸಬಲ್ಲವನು. ಆದರೆ ಅವನ ಪಾಠ ಅರ್ಥವಾಗಬೇಕಲ್ಲ. ಕತ್ತು ಉದ್ದವಿರುವ ಬಳೆಯನ್ನು ಎತ್ತಿ "ಹಂಡು" ಎಂದ, ಚಪ್ಪಟೆ ವಾಷರನ್ನು ಎತ್ತಿ "ಹೆಂಡು" ಎಂದ. ಗಂಡು ಕೆಳಗೆ, ಡೈ ಎಂಬ ಉಕ್ಕಿನ ಅಚ್ಚಿನ ಮೇಲೆ ಕೂರಬೇಕು; ನಡುವೆ ಬಟ್ಟೆ; ಮೇಲಿಂದ ಹೆಣ್ಣು; ಅದರ ಮೇಲೆ ಪಂಚು ಎಂಬ ಉಕ್ಕಿನ ಗೂಟ ನೆಟ್ಟಗೆ ನಿಲ್ಲಿಸಿ ಸುತ್ತಿಗೆಯಿಂದ ಬಡಿಯಬೇಕು. ಇಷ್ಟನ್ನು ಅವನು ಕೈಬಾಯಿ ತಿರುಗಿಸಿ ಹೇಳಿದ್ದನ್ನು ನೋಡಿದರೆ, ಯಾರೋ ಹಾವನ್ನು ಹೊಡೆದು ಪೆಟ್ಟಿಗೆಯಲ್ಲಿಟ್ಟು ಹೂಳುತ್ತಿದ್ದಾರೆ ಅನ್ನಿಸುತ್ತಿತ್ತು.

"ಒಂದ್ಸಲ ಏಟು ಬಿತ್ತು ಅಂದ್ರೆ ಗಂಡು ಹೆಣ್ಣು ಎರಡೂ ಬಿಡಿಸ್ಕೊಳ್ಳೋಕಾಗಲ್ಲ ಅಂತಿದ್ದಾನೆ," ಎಂದು ದೊಡ್ಡಕ್ಕ ವ್ಯಾಖ್ಯಾನ ಕೊಟ್ಟಳು. "ನನ್ನ ಮದುವೇಲೂ ಹಾಗೇ ಆಯ್ತು."

ಅಷ್ಟರಲ್ಲಿ ಯಜಮಾನರ ಕಣ್ಣು ಮಡಿಕೆಯಣ್ಣನ ಪ್ಯಾಂಟಿನ ಮೇಲೆ ಬಿತ್ತು. ವರ್ಷಗಟ್ಟಲೆ ಅಳತೆ ಬರೆದ ನೀಲಿ ಬಣ್ಣವೆಲ್ಲ ಅಲ್ಲಿ ನಕಾಶೆಯಂತೆ ಹರಡಿಕೊಂಡಿತ್ತು.

"ಈ ಅವತಾರದಲ್ಲಿ ಗಿರಾಕಿ ಮುಂದೆ ಹೋಗೋದಾ?"

ಕಾರ್ಖಾನೆಯಲ್ಲಿ ಬದಲಿ ಪ್ಯಾಂಟು ಇಟ್ಟುಕೊಂಡಿದ್ದವನು ಸ್ಟೋರ್ ಕೀಪರ್ ಒಬ್ಬನೇ. ದಪ್ಪ ಕಂದು ಬಟ್ಟೆಯ, ಹೊಚ್ಚಹೊಸ ಪ್ಯಾಂಟು. ಸಂಜೆ ಯಾರದೋ ಮನೆಗೆ ಹೋಗುವುದಿದೆ, ಇಸ್ತ್ರಿ ಕೆಡಬಾರದು ಎಂದೆಲ್ಲ ಗೊಣಗಿ ಕೊಟ್ಟ. ಸ್ಟೋರ್ ಕೀಪರ್ ಆಳು ಹೇಗೆಂದರೆ, ಆ ಪ್ಯಾಂಟಿನೊಳಗೆ ಮಡಿಕೆಯಣ್ಣನೂ ಅವನ ಒಬ್ಬ ಗೆಳೆಯನೂ ಆರಾಮಾಗಿ ವಾಸ ಮಾಡಬಹುದಿತ್ತು. ಜಾರದಿರಲೆಂದು ಸೊಂಟಕ್ಕೆ ಟಾರ್ಪಾಲು ಕಟ್ಟುವ ಹಗ್ಗವನ್ನೇ ಬಿಗಿದು, ಕತ್ತರಿಯವನು ಮಂಡಿ ಊರಿ ಎಳೆದು ಗಂಟು ಹಾಕಿದ. ಆ ಗಂಟು ಎಳೆದಷ್ಟೂ ಬಿಗಿಯಾಗುವ ಜಾತಿಯದು.

ಲಾರಿಯಮ್ಮ ಲಾರಿಯಲ್ಲೇ ಬಂದರು. ಅಂಗಳದಲ್ಲಿ ಲಾರಿ ನಿಂತಾಗ ಡ್ರೈವರ್ ಪಕ್ಕದ ಬಾಗಿಲು ತೆಗೆದು, ಯಾರ ಕೈಯನ್ನೂ ಹಿಡಿಯದೆ ಧೊಪ್ಪೆಂದು ನೆಲಕ್ಕಿಳಿದರು. ಬೆಳ್ಳಿಗೂದಲು, ದಪ್ಪ ಕನ್ನಡಕ, ಅಳೆದು ತೂಗಿ ಆಡುವ ಮಾತು.

"ಯಾರು ತೋರಿಸೋರು?"

ಎಲ್ಲರೂ ಸೇರಿ ಮಡಿಕೆಯಣ್ಣನನ್ನು ಮುಂದಕ್ಕೆ ನೂಕಿದರು. ಅಂಗಳದಲ್ಲಿ ಒಂದು ಗಿಡ್ಡ ಸ್ಟೂಲು, ಅದರ ಮುಂದೆ ಮರದ ದಿಮ್ಮಿ, ದಿಮ್ಮಿಯ ಮೇಲೆ ಡೈ ಇಟ್ಟಿದ್ದರು. ಪಕ್ಕದಲ್ಲಿ ಲಾರಿ ಮುಚ್ಚುವಷ್ಟು ದೊಡ್ಡ ಟಾರ್ಪಾಲು ಹಾಸಿತ್ತು. ಮಡಿಕೆಯಣ್ಣ ಸ್ಟೂಲಿನ ಮೇಲೆ ಕೂತು, ದಿಮ್ಮಿಯನ್ನು ಮಂಡಿಗಳ ನಡುವೆ ಇಟ್ಟುಕೊಂಡು, ಗಂಟಲು ಸರಿ ಮಾಡಿಕೊಂಡ.

"ಐಲೆಟ್ ಅಂದ್ರೆ... ಐಲೆಟ್‌ನಿಂದ ಅನೇಕ ಉಪಯೋಗ ಇದೆ ಅಮ್ಮ. ಷೂಗೆ ಲೇಸ್ ಹಾಕೋಕೆ ಐಲೆಟ್ ಬೇಕು. ಕಿಟಕಿ ಪರದೆಗೆ ಬೇಕು. ಡೇರೆಗೆ ಬೇಕು. ಚೀಲಕ್ಕೆ ಬೇಕು. ಬ್ಯಾನರಿಗೆ ಬೇಕು. ಬೆಲ್ಟಿಗೆ ಬೇಕು. ಹಡಗಿನ ಹಾಯಿಗೆ..."

"ನನ್ನ ಹತ್ರ ಹಡಗಿಲ್ಲ," ಎಂದರು ಲಾರಿಯಮ್ಮ. "ಲಾರಿ ಇದೆ."

ಮಡಿಕೆಯಣ್ಣನ ಭಾಷಣ ಅಲ್ಲಿಗೆ ಮುಗಿಯಿತು. ಇನ್ನು ಕೆಲಸವೇ ಮಾತಾಡಬೇಕು. ಟಾರ್ಪಾಲಿನ ಅಂಚು ಎಳೆದು, ತೂತು ಕೊರೆಯುವ ಪಂಚು ಇಟ್ಟು, ಕಣ್ಣು ಮುಚ್ಚಿ ಸುತ್ತಿಗೆ ಬೀಸಿದ. ತೂತೇನೋ ಬಿತ್ತು, ಆದರೆ ಪಂಚು ಓರೆಯಾಗಿ ಅದು ಎಷ್ಟು ದೊಡ್ಡದಾಯಿತೆಂದರೆ, ಐಲೆಟ್ ಬಾವಿಗೆ ಬಿದ್ದ ಕಲ್ಲಿನಂತೆ ಅದರಲ್ಲಿ ತೂರಿ ಕೆಳಗೆ ಉರುಳಿತು. ಲಾರಿಯಮ್ಮನ ಡ್ರೈವರ್ ಮುಖ ಆ ಕಡೆ ತಿರುಗಿಸಿ ಕೆಮ್ಮಿದ.

"ಇದು ಹೀಗೆ ಮಾಡಬಾರದು ಅಂತ ತೋರಿಸಿದ್ದು," ಎಂದ ಮಡಿಕೆಯಣ್ಣ.

ಎರಡನೆಯ ಸಲ ತೂತು ಸರಿಯಾಯಿತು. ಗಂಡು ಹೆಣ್ಣು ಅದಲುಬದಲಾದವು. ಏಟು ಬಿದ್ದೊಡನೆ ಬಳೆ ಹೂವಿನಂತೆ ಅರಳಿ ಎಸಳೆಸಳಾಗಿ ಸೀಳಿತು. ಹಿಂದೆ ನಿಂತ ಮಾತಿನಮಲ್ಲ "ಹಯ್ಯೋ ಹಯ್ಯೋ" ಎಂದು ಮಫ್ಲರನ್ನು ಕಣ್ಣಿನವರೆಗೂ ಎಳೆದುಕೊಂಡ. ಯಜಮಾನರು ಆಕಾಶ ನೋಡಿದರು. ಬಾಗಿಲಲ್ಲಿ ನಿಂತ ಹೆಂಡತಿ ತುಟಿ ಕಚ್ಚಿಕೊಂಡಳು.

"ಇದೂ ಹೀಗೆ ಮಾಡಬಾರದು ಅಂತಲಾ?" ಎಂದರು ಲಾರಿಯಮ್ಮ.

"ಹೌದಮ್ಮ. ಇನ್ಮುಂದೆ ಮಾಡೋದು ಹೇಗೆ ಮಾಡ್ಬೇಕು ಅಂತ."

ಹಣೆಯ ಬೆವರು ಒರೆಸಿಕೊಂಡು, ಟಾರ್ಪಾಲನ್ನು ಇನ್ನಷ್ಟು ಹತ್ತಿರಕ್ಕೆ, ತೊಡೆಯ ಮೇಲಕ್ಕೇ ಎಳೆದುಕೊಂಡ. ಬಟ್ಟೆ ಬಿಗಿಯಾಗಿ ಹಿಡಿದ. ಪಂಚು ನೆಟ್ಟಗೆ ನಿಲ್ಲಿಸಿದ. ಒಂದೇ ಏಟಿಗೆ ತೂತು. ಕೆಳಗೆ ಗಂಡು, ಮೇಲೆ ಹೆಣ್ಣು, ಎರಡೆರಡು ಸಲ ಮುಟ್ಟಿ ನೋಡಿಕೊಂಡ. ಆಮೇಲೆ ಮೈಯ ಶಕ್ತಿಯನ್ನೆಲ್ಲ ಕೈಗೆ ತಂದುಕೊಂಡು ಬಡಿದ. ಠಣ್ಣೆಂದಿತು. ಅದು ಗಂಟೆಯ ನಾದದಂತೆ ಅಂಗಳವೆಲ್ಲ ತುಂಬಿತು. ಅಂಚಿನಲ್ಲಿ ಹಿತ್ತಾಳೆಯ ಬಳೆ ಹುಣ್ಣಿಮೆ ಚಂದ್ರನಂತೆ ದುಂಡಗೆ, ಮಿರಮಿರನೆ ಕೂತಿತ್ತು.

ಲಾರಿಯಮ್ಮ ಬಗ್ಗಿ, ಕನ್ನಡಕ ಸರಿಸಿ, ಬೆರಳಿನಿಂದ ಸವರಿ ನೋಡಿದರು. "ಹ್ಞೂಂ," ಎಂದರು. ಆ ಒಂದು ಹ್ಞೂಂಗೆ ಯಜಮಾನರ ಮುಖದಲ್ಲಿ ರಕ್ತ ಮರಳಿ ಬಂತು. "ಹಗ್ಗ ಹಾಕಿ ಲಾರಿಗೆ ಕಟ್ಟು. ಎಳೆದು ನೋಡೋಣ," ಎಂದು ಅವರು ಡ್ರೈವರಿಗೆ ಹೇಳಿದರು. ಡ್ರೈವರ್ ಹೊಸ ಐಲೆಟ್‌ಗೆ ದಪ್ಪ ಹಗ್ಗ ಪೋಣಿಸಿ, ಇನ್ನೊಂದು ತುದಿಯನ್ನು ಲಾರಿಯ ಹಿಂದಿನ ಕೊಕ್ಕೆಗೆ ಬಿಗಿದು, ಮುಂದೆ ಹೋಗಿ ಹತ್ತಿ ಕೂತ.

ಮಡಿಕೆಯಣ್ಣ ಪಕ್ಕಕ್ಕೆ ಸರಿಯೋಣವೆಂದು ಎದ್ದ. ಟಾರ್ಪಾಲೂ ಎದ್ದಿತು.

ಕೂತ. ಟಾರ್ಪಾಲೂ ಕೂತಿತು.

ಅವನು ಅಂಚನ್ನು ಮೆಲ್ಲಗೆ ಎತ್ತಿ ಕೆಳಗೆ ನೋಡಿದ. ಸ್ಟೋರ್ ಕೀಪರನ ಪ್ಯಾಂಟಿನ ತೊಡೆಯ ಬಟ್ಟೆ, ಎಷ್ಟೆಂದರೂ ಇಬ್ಬರಿಗಾಗುವಷ್ಟು ಬಟ್ಟೆ ತಾನೆ, ಟಾರ್ಪಾಲಿನ ಅಡಿಯಲ್ಲಿ ದಿಮ್ಮಿಯ ಮೇಲೆ ಬಂದು ಮಲಗಿತ್ತು. ತೂತು ಎರಡಕ್ಕೂ ಬಿದ್ದಿತ್ತು. ಐಲೆಟ್ ಎರಡನ್ನೂ ಕಚ್ಚಿ ಹಿಡಿದಿತ್ತು. ಅವನೂ ಟಾರ್ಪಾಲೂ ಈಗ ಒಂದೇ ವಸ್ತು.

ಈಗ ಬಾಯಿ ಬಿಟ್ಟರೆ? ಮೂರನೆಯದೂ ಹೀಗೆ ಮಾಡಬಾರದು ಅಂತ ತೋರಿಸಿದ್ದು ಎನ್ನಬೇಕಾಗುತ್ತದೆ. ಲಾರಿಯಮ್ಮ ಲಾರಿ ಹತ್ತುತ್ತಾರೆ. ಅವನು ಬಾಗಿಲ ಕಡೆ ನೋಡಿದ. ಹೆಂಡತಿಯ ಮುಖದಲ್ಲಿ ಆಗಷ್ಟೇ ಒಂದು ನಗು ಮೂಡುತ್ತಿತ್ತು. ಸ್ವಲ್ಪ ಎಳೀತಾರೆ, ಅಷ್ಟೇ ತಾನೆ, ನಾನೂ ಜೊತೆಗೆ ಒಂದೆರಡು ಹೆಜ್ಜೆ ನಡೆದುಬಿಡೋಣ ಎಂದು ಅವನು ಹಲ್ಲು ಕಚ್ಚಿ ನಿರ್ಧರಿಸಿದ.

"ಆ ತುದೀಲಿ ಭಾರ ಇರ್ಲಿ. ಲೋಡ್ ಲಾರಿ ಇದ್ದ ಹಾಗೆ," ಎಂದರು ಲಾರಿಯಮ್ಮ. "ಯಾರಾದ್ರೂ ಕೂತ್ಕೊಳ್ಳಿ."

ಭಾರ ಎಂದೊಡನೆ ಎಲ್ಲರೂ ಸ್ಟೋರ್ ಕೀಪರನ ಕಡೆ ನೋಡಿದರು. ಅವನು ಹೆಮ್ಮೆಯಿಂದ ಹೋಗಿ ಟಾರ್ಪಾಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಅವನ ಹಿಂದೆ ಕತ್ತರಿಯವನು, ಅವನ ಪಕ್ಕ ಮಾತಿನಮಲ್ಲ.

ಲಾರಿ ಗುರುಗುಟ್ಟಿತು. ಹಗ್ಗ ಬಿಗಿಯಾಯಿತು. ಮಡಿಕೆಯಣ್ಣ ಎಡತೊಡೆಯನ್ನು ಯಾರೋ ಹಿಡಿದು ಕರೆದಂತಾಗಿ, ಸ್ಟೂಲು ಬಿಟ್ಟು ಮುಂದಕ್ಕೆ ನಡೆದ. ನಡಿಗೆ ದಾಪುಗಾಲಾಯಿತು. ದಾಪುಗಾಲು ಓಟವಾಯಿತು. ಹಿಂದೆ ಸರಸರನೆ ಟಾರ್ಪಾಲು, ಅದರ ಮೇಲೆ ತೂಗಾಡುತ್ತ ಮೂವರು ಸಹೋದ್ಯೋಗಿಗಳು.

"ಅವರ್ಯಾಕೆ ಓಡ್ತಿದ್ದಾರೆ?" ಎಂದು ಲಾರಿಯಮ್ಮ ಕೇಳಿದರು.

ಯಜಮಾನರಿಗೂ ಗೊತ್ತಿರಲಿಲ್ಲ. ಆದರೆ ವ್ಯಾಪಾರಸ್ಥರು. "ಅದು... ಅದು ನಮ್ಮ ಪರೀಕ್ಷೆಯ ಕ್ರಮ ಅಮ್ಮ," ಎಂದುಬಿಟ್ಟರು.

"ನಿಲ್ಸೀ!" ಎಂದು ಮಡಿಕೆಯಣ್ಣ ಕೂಗಿದ. ಜೀವಮಾನದಲ್ಲಿ ಅವನು ಒಂದು ವಾಹನವನ್ನು ನಿಲ್ಲಿಸಲು ಕೂಗಿದ್ದು ಅದೇ ಮೊದಲು. ಎಂಜಿನ್ನಿನ ಸದ್ದಿನಲ್ಲಿ ಡ್ರೈವರಿಗೆ ಏನೋ ಹುರಿದುಂಬಿಸಿದಂತೆ ಕೇಳಿಸಿತು. ಅವನು ಗೇರ್ ಬದಲಾಯಿಸಿ ಅಂಗಳ ಸುತ್ತಲಾರಂಭಿಸಿದ.

ಅಷ್ಟು ಹೊತ್ತಿಗೆ ಸ್ಟೋರ್ ಕೀಪರನಿಗೆ ಮುಂದೆ ಓಡುತ್ತಿರುವುದು ಯಾರು, ಸಿಕ್ಕಿಕೊಂಡಿರುವುದು ಯಾವುದು ಎಂದು ತಿಳಿಯಿತು. "ನನ್ನ ಪ್ಯಾಂಟು! ಲೋ, ನನ್ನ ಪ್ಯಾಂಟು!" ಎಂದು ಕೂತಲ್ಲೇ ಎದೆ ಬಡಿದುಕೊಂಡ. ಇಳಿಯಲು ಮಾತ್ರ ಹೆದರಿಕೆ. ಕಿವುಡ ಹಿರಿಯರು ಹೊರಗೆ ಬಂದು ಈ ಮೆರವಣಿಗೆ ನೋಡಿ, ಏನೋ ಶುಭಕಾರ್ಯ ಇರಬೇಕೆಂದು ಚಪ್ಪಾಳೆ ತಟ್ಟಿದರು. ಮಡಿಕೆಯಣ್ಣ ಓಡುತ್ತಲೇ ಇದ್ದ. ಉಸಿರು ಶಿಳ್ಳೆಯಾಗಿತ್ತು, ದೊಡ್ಡಕ್ಕ ಬೈತಲೆ ತೆಗೆದ ಕೂದಲು ನೆಟ್ಟಗೆ ಎದ್ದು ನಿಂತಿತ್ತು. ಬಿದ್ದರೆ ಟಾರ್ಪಾಲೂ ಮೇಲಿನ ಮೂವರೂ ತನ್ನ ಮೇಲೆಯೇ ಬರುತ್ತಾರೆಂದು ಅವನಿಗೆ ಖಾತ್ರಿಯಿತ್ತು. ಬೀಳಲಿಲ್ಲ.

ನಿಲ್ಲಿಸಿದವಳು ಹೆಂಡತಿ. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯನ್ನು ಕೈಯಲ್ಲೆತ್ತಿಕೊಂಡು ಅವಳು ಲಾರಿಯ ಮುಂದೆ ಬಂದು ನಿಂತಳು. ಡ್ರೈವರ್ ಆ ಕಣ್ಣುಗಳನ್ನು ನೋಡಿ, ಆಮೇಲೆ ಕತ್ತರಿಯನ್ನು ನೋಡಿ, ಬ್ರೇಕ್ ಒತ್ತಿದ. ಟಾರ್ಪಾಲಿನ ಮೇಲಿದ್ದ ಮೂವರೂ ಬಂದ ವೇಗಕ್ಕೆ ಉರುಳಿ ಮಡಿಕೆಯಣ್ಣನ ಕಾಲ ಬುಡದಲ್ಲಿ ಗುಡ್ಡೆಯಾದರು.

"ಏನು ಮಾಡ್ಕೊಂಡಿದೀರಿ ರೀ ಇದು?"

"ಐಲೆಟ್... ಚೆನ್ನಾಗಿ... ಕೂತುಬಿಟ್ಟಿದೆ," ಎಂದ ಅವನು ಏದುಸಿರಿನ ನಡುವೆ.

ಬಿಡಿಸುವ ಕೆಲಸ ಶುರುವಾಯಿತು. ಕತ್ತರಿಯವನು ಇಕ್ಕಳ ಹಾಕಿ ತಿರುಚಿದ, ಇಕ್ಕಳ ಜಾರಿತು. ಡ್ರೈವರ್ ಸ್ಕ್ರೂಡ್ರೈವರ್ ತೂರಿಸಿ ಮೀಟಿದ. ಅದರ ಮೂತಿ ಬಾಗಿತು. ಪ್ಯಾಂಟನ್ನೇ ಕಳಚೋಣವೆಂದರೆ ಸೊಂಟದ ಗಂಟು ಈಗ ಕಲ್ಲಾಗಿತ್ತು. ಅಲ್ಲದೆ ಸುತ್ತ ಹೊಲಿಗೆ ವಿಭಾಗವೆಲ್ಲ ನೆರೆದಿತ್ತು. ಕೊನೆಗೆ ಹೆಂಡತಿ ಐಲೆಟ್ಟಿನ ಸುತ್ತ ಪ್ಯಾಂಟಿನ ಬಟ್ಟೆಯನ್ನೇ ದುಂಡಗೆ ಕತ್ತರಿಸಿದಳು. ಕತ್ತರಿಯ ಒಂದೊಂದು ಕಚ್ಚಿಗೂ ಸ್ಟೋರ್ ಕೀಪರ್ ತನ್ನ ತೊಡೆಯನ್ನೇ ಹಿಡಿದುಕೊಂಡು ನರಳಿದ. ಬಿಡುಗಡೆಯಾದ ಮಡಿಕೆಯಣ್ಣ ತೂತಿನ ಮೇಲೆ ಕೈಯಿಟ್ಟುಕೊಂಡು, ಎಲ್ಲ ಮುಗಿಯಿತೆಂದು ತಲೆ ತಗ್ಗಿಸಿ ನಿಂತ.

ಲಾರಿಯಮ್ಮ ಟಾರ್ಪಾಲಿನ ಅಂಚನ್ನು ಎತ್ತಿ ಹಿಡಿದು, ಕಂದು ಬಟ್ಟೆಯ ತುಂಡನ್ನು ಕಚ್ಚಿಕೊಂಡೇ ಇದ್ದ ಐಲೆಟ್ಟನ್ನು ಬಹಳ ಹೊತ್ತು ನೋಡಿದರು. ಬೆರಳಲ್ಲಿ ಅಲ್ಲಾಡಿಸಿದರು. ಅಲ್ಲಾಡಲಿಲ್ಲ.

"ಒಂದು ಲಾರಿ ಎಳೀತು, ಮೂರು ಜನ ಭಾರ ಹಾಕಿದ್ರು, ಒಬ್ಬರು ಒದ್ದಾಡಿದ್ರು," ಎಂದರು. "ಜಗ್ಗಲಿಲ್ಲ. ನನ್ನ ಎಲ್ಲಾ ಲಾರಿಗೂ ನಿಮ್ಮ ಟಾರ್ಪಾಲೇ."

ಅಂಗಳಕ್ಕೆ ಅಂಗಳವೇ ಕೇಕೆ ಹಾಕಿತು. ದೊಡ್ಡಕ್ಕ ಪಕ್ಕದಲ್ಲಿದ್ದವರನ್ನೆಲ್ಲ ತಬ್ಬಿಕೊಂಡಳು. "ಹೊಲಿಗೆಯವರು ಯಾರೂ ಹೋಗೋದು ಬೇಡ. ಇನ್ನೂ ಇಬ್ಬರು ಬೇಕಾಗ್ತಾರೆ!" ಎಂದು ಯಜಮಾನರು ಘೋಷಿಸಿದರು. ಹೆಂಡತಿ ಕತ್ತರಿಯನ್ನು ಎದೆಗವಚಿಕೊಂಡು ಮಡಿಕೆಯಣ್ಣನ ಕಡೆ ನೋಡಿ ನಕ್ಕಳು. ಕನ್ನಡಿ ಮುಂದೆ ನಕ್ಕಿದ್ದಕ್ಕಿಂತ ದೊಡ್ಡ ನಗು. ಅವನಿಗೆ ಕಾಲಿನ ನೋವೆಲ್ಲ ಮರೆತುಹೋಯಿತು.

"ಆದ್ರೆ ಒಂದು ಷರತ್ತು," ಎಂದರು ಲಾರಿಯಮ್ಮ.

ಕೇಕೆ ನಿಂತಿತು.

"ನಮ್ಮ ಲಾರಿ ಮಾಲೀಕರ ಸಂಘದೋರು ಊರೂರಲ್ಲೂ ಇದ್ದಾರೆ. ಎಲ್ಲರೂ ನನ್ನ ಹಾಗೇ ಏಟು ತಿಂದೋರು. ಬಾಯಲ್ಲಿ ಹೇಳಿದ್ರೆ ನಂಬಲ್ಲ. ನಾಳೆಯಿಂದ ಒಂದೊಂದೂರಿಗೂ ಇವರನ್ನ ಕರ್ಕೊಂಡು ಹೋಗ್ತೀನಿ. ಇವತ್ತು ಮಾಡಿದ ಹಾಗೇ ಪ್ಯಾಂಟು ಸೇರಿಸಿ ಐಲೆಟ್ ಹೊಡೆದು, ಲಾರಿಗೆ ಕಟ್ಟಿ ತೋರಿಸ್ಬೇಕು. ಇಂಥ ಪರೀಕ್ಷೆ ನಾನೆಲ್ಲೂ ಕಂಡಿಲ್ಲ. ಒಪ್ಪಿಗೆನಾ?"

"ಒಪ್ಪಿಗೆ!" ಎಂದರು ಯಜಮಾನರು, ಮಡಿಕೆಯಣ್ಣ ಬಾಯಿ ತೆರೆಯುವ ಮೊದಲೇ.

"ಸಾರ್, ಅದು ನಾನು ಬೇಕಂತ..." ಎಂದು ಅವನು ಶುರು ಮಾಡಿದ. ಯಜಮಾನರು ಅವನ ಭುಜ ಒತ್ತಿದರು. ಆ ಒತ್ತಿನಲ್ಲಿ ಇಡೀ ಆರ್ಡರ್ ಇತ್ತು. ಅವನು ಹೆಂಡತಿಯ ಕಡೆ ನೋಡಿದ. ನಗು ಇನ್ನೂ ಅಲ್ಲೇ ಇತ್ತು. ಹೂಂ ಎಂದು ತಲೆಯಾಡಿಸಿದ.

"ನನ್ನ ಪ್ಯಾಂಟ್ ಮಾತ್ರ ಇನ್ನೊಂದು ಕೊಡಲ್ಲ," ಎಂದು ಸ್ಟೋರ್ ಕೀಪರ್ ಮೊದಲೇ ಎಚ್ಚರಿಸಿದ.

"ಬೇಡಪ್ಪ. ಊರಿಗೊಂದರಂತೆ ಹೊಸದಾಗಿ ಹೊಲಿಸೋಣ," ಎಂದರು ಯಜಮಾನರು ಉದಾರವಾಗಿ. "ಅಳತೆ ತಗೊಳ್ಳಮ್ಮ."

ಹೆಂಡತಿ ಕತ್ತರಿ ಕೆಳಗಿಟ್ಟು, ಕೊರಳಲ್ಲಿದ್ದ ಟೇಪು ತೆಗೆದು, ಗಂಡನ ಮುಂದೆ ಮಂಡಿಯೂರಿದಳು. ಸೊಂಟ ಅಳೆದಳು. ಉದ್ದ ಅಳೆದಳು. ತೊಡೆಯ ಸುತ್ತಳತೆ ತೆಗೆಯುವಾಗ ಒಂದು ಕ್ಷಣ ಯೋಚಿಸಿ, ತಲೆಯೆತ್ತಿ ಪ್ರೀತಿಯಿಂದ ಹೇಳಿದಳು:

"ಅಲ್ಲಾಡಬೇಡಿ ರೀ, ನೆಟ್ಟಗೆ ನಿಂತ್ಕೊಳ್ಳಿ. ಮಂಡಿ ಹತ್ರ ಸ್ವಲ್ಪ ಸಡಿಲ ಬಿಡ್ತೀನಿ. ಓಡೋಕೆ ಅನುಕೂಲ ಆಗುತ್ತೆ."